ಕಾಫಿ ಸೀಮೆಯ ಅಧ್ಯಯನಗಳಲ್ಲಿ ವಿಧಾನದ ಸ್ಥಾನ: ಶಾಸನ, ಸಸ್ಯರೋಗ, ವನ್ಯಜೀವಿ ಗಣತಿ

ಪೀಠಿಕೆ

ಜ್ಞಾನಶಾಖೆಗಳು ತಮ್ಮ ವಸ್ತುವಿನಿಂದಾಗಿ ಒಂದಕ್ಕೊಂದು ದೂರವಾಗಿ ಕಾಣುತ್ತವೆ. ಶಾಸನತಜ್ಞನ ಎದುರಿಗೆ ಕಲ್ಲಿದೆ, ಸಸ್ಯರೋಗತಜ್ಞನ ಕೈಯಲ್ಲಿ ಎಲೆಯಿದೆ, ವನ್ಯಜೀವಿತಜ್ಞನ ಮುಂದೆ ಕಾಡಿನ ಜಾಡಿದೆ. ಒಬ್ಬರ ಉಪಕರಣ ಮತ್ತೊಬ್ಬರ ಉಪಯೋಗಕ್ಕೆ ಬಾರದು. ಆದರೆ ಒಂದು ಹೇಳಿಕೆಯನ್ನು ಯಾವಾಗ ನಂಬಬಹುದು ಎಂಬ ಪ್ರಶ್ನೆಗೆ ಈ ಮೂವರೂ ನೀಡುವ ಉತ್ತರ ಬಹುಮಟ್ಟಿಗೆ ಒಂದೇ. ಕಂಡದ್ದನ್ನು ಸ್ಥಳ, ಕಾಲ, ಗುರುತುಗಳೊಡನೆ ದಾಖಲಿಸಬೇಕು. ದಾಖಲಾದುದನ್ನು ಸಮಾನ ನೆಲೆಯಲ್ಲಿಟ್ಟು ಹೋಲಿಸಬೇಕು. ಬಂದ ನಿರ್ಣಯವನ್ನು ಮತ್ತೊಬ್ಬರು ಪರೀಕ್ಷಿಸಲು ಅನುವಾಗುವಂತೆ ತೆರೆದಿಡಬೇಕು. ಈ ಮೂರು ಕ್ರಮಗಳ ಒಟ್ಟು ಹೆಸರೇ ವಿಧಾನ.

ಈ ಕಲ್ಪನೆ ಕನ್ನಡಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮವನ್ನು ಅನುಸರಿಸಿದನು. ನಿಯಮವನ್ನು ಹೇಳಿ, ಅದನ್ನು ವಿವರಿಸಿ, ಅದಕ್ಕೆ ಆಧಾರವಾದ ಕವಿಪ್ರಯೋಗಗಳನ್ನು ಓದುಗನ ಮುಂದಿಡುವುದು ಆ ಕ್ರಮ. ನಿಯಮವನ್ನು ಒಪ್ಪದವನು ಪ್ರಯೋಗಗಳನ್ನು ತಾನೇ ನೋಡಿ ವಾದಿಸಬಹುದು. ವ್ಯಾಕರಣಕಾರನ ಮಾತಿಗೆ ಬೆಲೆ ಬಂದದ್ದು ಅವನ ಅಧಿಕಾರದಿಂದಲ್ಲ, ಅವನು ಒದಗಿಸಿದ ಆಧಾರದಿಂದ.

ವಿಧಾನದ ಈ ಏಕರೂಪತೆಯನ್ನು ಒಂದೇ ಪ್ರದೇಶದಲ್ಲಿ ನಿಂತು ನೋಡಲು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆ ಸೂಕ್ತವಾದ ನೆಲ. 1947ರವರೆಗೆ ಕಡೂರು ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಈ ಜಿಲ್ಲೆಯ ಮಲೆಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಹಲವು ಶಾಸ್ತ್ರಗಳ ವಿದ್ವಾಂಸರು ದುಡಿದಿದ್ದಾರೆ. ಅವರ ಕೆಲಸಗಳಲ್ಲಿ ಕೆಲವನ್ನು ಆಯ್ದು, ಕ್ರಮಬದ್ಧ ವಿಧಾನ ಎಲ್ಲಿ ಏನನ್ನು ಸಾಧಿಸಿತು, ಅದು ಇಲ್ಲದಿದ್ದಾಗ ಏನು ಕೈತಪ್ಪಿತು, ಅದರ ಮಿತಿ ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಲ್ಲಿಗೆ ಕೊಟ್ಟ ಸಂಖ್ಯೆ

ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ 12 ಸಂಪುಟಗಳಲ್ಲಿ ಪ್ರಕಟಿಸಿದರು. ಮೊದಲ ಸಂಪುಟವಾದ ಕೊಡಗಿನ ಶಾಸನಗಳು 1886ರಲ್ಲಿ ಹೊರಬಂದವು. ಕಡೂರು ಜಿಲ್ಲೆಯ ಶಾಸನಗಳ ಆರನೆಯ ಸಂಪುಟ ಪ್ರಕಟವಾದದ್ದು 1901ರಲ್ಲಿ. ಒಟ್ಟು ಸಂಪುಟಗಳಲ್ಲಿರುವ ಶಾಸನಗಳ ಸಂಖ್ಯೆ ಸುಮಾರು 9,000.

ಈ ಸಂಪುಟಗಳ ಹಿರಿಮೆ ಕೇವಲ ಗಾತ್ರದಲ್ಲಿಲ್ಲ. ಅದಕ್ಕೂ ಮೊದಲು ಶಾಸನಗಳನ್ನು ಓದಿದವರಿದ್ದರು. ಆದರೆ ಬಿಡಿಬಿಡಿಯಾಗಿ ಓದಿದ ಶಾಸನ, ಓದಿದವನ ನೆನಪಿನಲ್ಲೋ ಖಾಸಗಿ ಸಂಗ್ರಹದಲ್ಲೋ ಉಳಿಯುತ್ತಿತ್ತು. ರೈಸ್ ಅವರ ಕ್ರಮದಲ್ಲಿ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನೊಡನೆ ಒಂದು ಸಂಖ್ಯೆ ದೊರೆಯಿತು. ಅದು ಯಾವ ಊರಿನ ಯಾವ ಸ್ಥಳದಲ್ಲಿದೆ ಎಂಬ ವಿವರ ಸೇರಿತು. ಮೂಲಪಾಠ, ಲಿಪ್ಯಂತರ, ಅನುವಾದಗಳು ಬೇರೆ ಬೇರೆಯಾಗಿ ನಿಂತವು. ಸಂಪುಟದ ಎಲ್ಲ ಶಾಸನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ ಪಟ್ಟಿಯೂ ದೊರೆಯಿತು. ಪಾಠವೂ ಅನುವಾದವೂ ಬೇರೆಯಾಗಿರುವುದರಿಂದ ರೈಸ್ ಅವರ ಅರ್ಥವನ್ನು ಒಪ್ಪದ ವಿದ್ವಾಂಸನು ಮೂಲಕ್ಕೆ ಹೋಗಬಹುದು. ಸ್ಥಳನಿರ್ದೇಶವಿರುವುದರಿಂದ ಪಾಠವನ್ನೇ ಸಂಶಯಿಸುವವನು ಕಲ್ಲಿನ ಬಳಿಗೇ ಹೋಗಿ, ಒದ್ದೆ ಕಾಗದವನ್ನು ಕುಂಚದಿಂದ ಬಡಿದು ಮಸಿ ಹಚ್ಚಿ ಹೊಸ ಪಡಿಯಚ್ಚು ತೆಗೆಯಬಹುದು. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತರಲು ಸಾಧ್ಯವಾದದ್ದು ಈ ಅಡಿಪಾಯ ಗಟ್ಟಿಯಾಗಿದ್ದುದರಿಂದಲೇ.

ಸಂಖ್ಯೆ ಮತ್ತು ಕಾಲಾನುಕ್ರಮಗಳ ಫಲ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮದ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೊಯ್ಸಳರ ಮೂಲಸ್ಥಾನವೆಂದು ಶಾಸನಗಳು ಹೇಳುವ ಸೊಸೆವೂರು ಅಥವಾ ಶಶಕಪುರ ಈ ಅಂಗಡಿಯೇ ಎಂಬ ನಿರ್ಧಾರ ಶಾಸನಗಳ ತುಲನೆಯಿಂದ ಬಂದುದು. ಸಳನು ಮುನಿಯ ಆಜ್ಞೆಯಂತೆ ಹುಲಿಯನ್ನು ಹೊಡೆದ ಕಥೆ ನಾಡಿನಲ್ಲಿ ಮನೆಮಾತು. ಆದರೆ ದಾಖಲೆಗಳನ್ನು ಕಾಲಕ್ರಮದಲ್ಲಿ ಜೋಡಿಸಿದಾಗ ಈ ಕಥೆ ಹನ್ನೆರಡನೆಯ ಶತಮಾನದ, ಅಂದರೆ ರಾಜ್ಯ ಬಲಗೊಂಡ ಮೇಲಿನ ಶಾಸನಗಳಲ್ಲಿ ಪ್ರಧಾನವಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕಿಂತ ಹಿಂದಿನ ಹಂತಕ್ಕೆ ಅರೆಕಲ್ಲ, ಮಾರುಗ, ನೃಪಕಾಮರಂತಹ ಮಲೆಯ ನಾಯಕರ ಹೆಸರುಗಳು ಸಲ್ಲುತ್ತವೆ. ಇದರಿಂದ ಸಳನ ಕಥೆ ಬೆಲೆ ಕಳೆದುಕೊಳ್ಳುವುದಿಲ್ಲ. ಅದು ಹತ್ತನೆಯ ಶತಮಾನದ ಘಟನೆಗೆ ಸಾಕ್ಷಿಯಾಗುವ ಬದಲು, ಹನ್ನೆರಡನೆಯ ಶತಮಾನದ ರಾಜಮನೆತನವು ತನ್ನನ್ನು ಹೇಗೆ ಕಂಡುಕೊಂಡಿತು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಬಾಬಾ ಬುಡನ್ ಏಳು ಕಾಫಿ ಬೀಜಗಳನ್ನು ತಂದ ಐತಿಹ್ಯವನ್ನೂ ಇದೇ ಎಚ್ಚರದಿಂದ ಓದಬೇಕಾಗುತ್ತದೆ.

ಕಳಸದ ನಿದರ್ಶನ ಬೇರೆ ಬಗೆಯದು. ಹದಿಮೂರನೆಯ ಶತಮಾನದಲ್ಲಿ ಕಳಸ ರಾಜ್ಯವನ್ನಾಳಿದ ಜಾಕಲ ಮಹಾದೇವಿ, ಕಾಳಲ ಮಹಾದೇವಿಯರ ವಿಷಯ ಇಂದು ತಿಳಿದಿರುವುದು ಶಾಸನಗಳಿಂದ. ರೈಸ್ ಅವರ ಸಂಪುಟದಲ್ಲಿ ಕಳಸದ ಶಾಸನಗಳು ಮೂಡಿಗೆರೆ ತಾಲ್ಲೂಕಿನ ಸಂಖ್ಯೆಗಳಡಿಯಲ್ಲಿವೆ. ಈಗ ಕಳಸವೇ ಪ್ರತ್ಯೇಕ ತಾಲ್ಲೂಕು. ಜಿಲ್ಲೆಯ ಹೆಸರೂ ಬದಲಾಗಿದೆ. ಆದರೂ ಹಳೆಯ ಸಂಖ್ಯೆಯನ್ನು ಉಲ್ಲೇಖಿಸಿದರೆ ಯಾವ ವಿದ್ವಾಂಸನಿಗಾದರೂ ಅದೇ ಶಾಸನ ದೊರೆಯುತ್ತದೆ. ಆಡಳಿತದ ಗಡಿಗಳು ಬದಲಾದರೂ ದಾಖಲೆಯ ಗುರುತು ಉಳಿಯುವುದು ಕ್ರಮಬದ್ಧತೆಯ ಮೊದಲ ಪ್ರಯೋಜನ.

ಒಂದು ಹೆಸರು, ಎರಡು ರೋಗ

ಗುರುತಿನ ಪ್ರಶ್ನೆ ಸಸ್ಯರೋಗಶಾಸ್ತ್ರದಲ್ಲಿ ಮತ್ತಷ್ಟು ಸೂಕ್ಷ್ಮವಾಗುತ್ತದೆ. ಮಲೆನಾಡಿನ ರೈತರು ‘ಕೊಳೆರೋಗ’ ಎಂಬ ಹೆಸರನ್ನು ಅಡಕೆಗೂ ಬಳಸುತ್ತಾರೆ, ಕಾಫಿಗೂ ಬಳಸುತ್ತಾರೆ. ಎರಡೂ ಮುಂಗಾರಿನ ಜಡಿಮಳೆಯಲ್ಲಿ ಕಾಣಿಸಿಕೊಳ್ಳುತ್ತವೆ. ಎರಡರಲ್ಲೂ ಕೊಳೆಯುವಿಕೆಯೇ ಲಕ್ಷಣ. ಕಣ್ಣಿಗೆ ಕಂಡ ಲಕ್ಷಣವನ್ನು ಹಿಡಿದು ಕೊಟ್ಟ ಹೆಸರು ಇದು, ಆ ಮಟ್ಟಿಗೆ ಸರಿಯಾದ ಹೆಸರು. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರತಜ್ಞ ಎಂ.ಸಿ. ಕುಕ್ ಅವರು ಮೈಸೂರು ಸೀಮೆಯ ಕಾಫಿಯ ರೋಗಕಾರಕವನ್ನು ವರ್ಣಿಸಿದಾಗ ಅದಕ್ಕೆ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದೇ ಹೆಸರಿಟ್ಟರು. ಹೀಗೆ ಮಲೆನಾಡಿನ ರೈತನ ಮಾತೊಂದು ಲ್ಯಾಟಿನ್ ನಾಮಾವಳಿಯಲ್ಲಿ ಸೇರಿಹೋಯಿತು.

ಆದರೆ ಅಡಕೆಯ ಕೊಳೆರೋಗ ಇದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅಡಕೆಯ ಕೊಳೆರೋಗವನ್ನು ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅದರ ಕಾರಕ ಫೈಟಾಫ್ತೋರ ಕುಲಕ್ಕೆ ಸೇರಿದ ಮತ್ತೊಂದು ಜೀವಿ. ಕಾಫಿಯ ರೋಗ ಎಲೆಯ ಅಡಿಯಲ್ಲಿ ನೂಲಿನಂತೆ ಹಬ್ಬುವ ಶಿಲೀಂಧ್ರದಿಂದ ಬರುತ್ತದೆ. ಅಡಕೆಯ ರೋಗ ಕಾಯಿಗಳಿಗೆ ತಗಲಿ ಅವುಗಳನ್ನು ಉದುರಿಸುತ್ತದೆ. ಹೆಸರು ಒಂದೇ ಎಂದು ಒಂದರ ಬಗೆಗಿನ ಅರಿವನ್ನು ಇನ್ನೊಂದಕ್ಕೆ ಹಚ್ಚಿದರೆ ತಪ್ಪಾಗುತ್ತದೆ.

ಕೋಲ್ಮನ್ ಅವರಿಗಿಂತ ಮೊದಲೇ ಮಲೆನಾಡಿನ ಅಡಕೆ ಬೆಳೆಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ರಕ್ಷಿಸುತ್ತಿದ್ದರು ಎಂಬುದನ್ನು ಇಲ್ಲಿ ಮರೆಯಬಾರದು. ಗೊನೆ ನೆನೆಯದಿದ್ದರೆ ರೋಗ ತಗಲದು ಎಂಬ ಅವರ ಅನುಭವ ಸರಿಯಾಗಿತ್ತು. ಯಾಕೆ ತಗಲದು ಎಂಬುದಕ್ಕೆ ಕಾರಣ ತಿಳಿದ ಮೇಲೆ ಮತ್ತೊಂದು ದಾರಿ ತೆರೆಯಿತು. ರೋಗಾಣು ನೀರಿನ ಹನಿಯಲ್ಲಿ ಬೆಳೆದು ಕಾಯಿಯನ್ನು ಪ್ರವೇಶಿಸುತ್ತದೆ ಎಂದಾದರೆ, ಮಳೆಗೆ ಮುಂಚೆಯೇ ಕಾಯಿಯ ಮೇಲೆ ತಾಮ್ರದ ಲೇಪವಿದ್ದರೆ ಸಾಕು. ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುವ ಬೋರ್ಡೋ ದ್ರಾವಣದ ಸಿಂಪಡಣೆ ಹೀಗೆ ಅಡಕೆ ತೋಟಗಳಿಗೆ ಬಂದಿತು. ಅನುಭವವು ಏನಾಗುತ್ತದೆ ಎಂಬುದನ್ನು ಹೇಳಿತ್ತು. ವಿಧಾನವು ಏಕಾಗುತ್ತದೆ ಎಂಬುದನ್ನು ಸೇರಿಸಿತು. ಕಾರಣ ತಿಳಿದದ್ದರಿಂದಲೇ ಪರಿಹಾರವನ್ನು ಬೇರೆ ರೂಪದಲ್ಲಿ ಹುಡುಕಲು ಸಾಧ್ಯವಾಯಿತು.

ಕೆಂಟ್ ಗಿಡದ ಪಾಠ

ಹೋಲಿಕೆಯ ಮಹತ್ವವನ್ನು ಕಾಫಿಯ ಎಲೆ ತುಕ್ಕುರೋಗದಷ್ಟು ಚೆನ್ನಾಗಿ ತೋರಿಸುವ ಪ್ರಸಂಗ ಈ ಸೀಮೆಯಲ್ಲಿ ಬೇರೊಂದಿಲ್ಲ. ಸಿಂಹಳದಲ್ಲಿ 1869ರಲ್ಲಿ ಗುರುತಿಸಲಾದ ಈ ರೋಗ ಸ್ವಲ್ಪ ಕಾಲದಲ್ಲಿಯೇ ದಕ್ಷಿಣ ಭಾರತಕ್ಕೂ ಬಂದಿತು. ಅದರ ಕಾರಕವಾದ ‘ಹೆಮಿಲಿಯ ವ್ಯಾಸ್ಟಾಟ್ರಿಕ್ಸ್’ ಎಂಬ ಶಿಲೀಂಧ್ರ ಎಲೆಯ ಕೆಳಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿಯಂತೆ ಕಾಣುತ್ತದೆ, ಎಲೆ ಉದುರುತ್ತದೆ, ಬರಿದಾದ ರೆಂಬೆ ಮುಂದಿನ ವರ್ಷದ ಫಸಲನ್ನು ಹೊರಲಾರದು. ಚಿಕ್ಕಮಗಳೂರಿನ ಹೆಸರಿನಿಂದಲೇ ‘ಚಿಕ್’ ಎಂದು ಕರೆಯಲ್ಪಟ್ಟ ಹಳೆಯ ತಳಿ ಕಾಂಡಕೊರಕ ಮತ್ತು ತುಕ್ಕುರೋಗಗಳಿಂದ ಹಿಂದೆ ಸರಿಯಿತು. ಅದರ ಸ್ಥಾನಕ್ಕೆ ಬಂದ ‘ಕೂರ್ಗ್’ ತಳಿಯೂ ತುಕ್ಕಿಗೆ ಸೋತಿತು.

1911ರಲ್ಲಿ ಮೈಸೂರು ಸಂಸ್ಥಾನದ ತೋಟವೊಂದರಲ್ಲಿ ಕೆಂಟ್ ಎಂಬ ಬೆಳೆಗಾರರು ರೋಗ ತಗಲದ ಒಂದು ಗಿಡವನ್ನು ಕಂಡು ಅದರ ಬೀಜದಿಂದ ಸಂತತಿ ಬೆಳೆಸಿದರು. ‘ಕೆಂಟ್ಸ್’ ಎಂದು ಹೆಸರಾದ ಈ ತಳಿ ಬೆಳೆಗಾರರಿಗೆ ಹೊಸ ಭರವಸೆಯಾಯಿತು. ಆದರೆ ಕೆಲವು ವರ್ಷಗಳಲ್ಲಿ ಅದರಲ್ಲಿಯೂ ತುಕ್ಕು ಕಾಣಿಸಿಕೊಂಡಿತು. ಇದಕ್ಕೆ ಹಲವು ವಿವರಣೆಗಳು ಸಾಧ್ಯವಿದ್ದವು. ಬೀಜ ಬೆರಕೆಯಾಗಿರಬಹುದು, ಗೊಬ್ಬರ ಸಾಲದಿರಬಹುದು, ನೆರಳು ಹೆಚ್ಚು ಕಡಿಮೆಯಾಗಿರಬಹುದು, ಗಿಡದ ಶಕ್ತಿಯೇ ಕುಂದಿರಬಹುದು. ಪ್ರತಿ ತೋಟಕ್ಕೂ ತನ್ನದೇ ಆದ ವಿವರಣೆ ಇದ್ದಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ದಾರಿಯೇ ಇರುವುದಿಲ್ಲ.

ಎಲೆರೋಗದ ಸಮಸ್ಯೆಗಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವೊಂದು ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಇದೇ ಮುಂದೆ ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಅಲ್ಲಿ ಡಬ್ಲ್ಯು. ವಿಲ್ಸನ್ ಮೇನ್ ಅವರು ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ಬದಲಾಗಿರುವುದು ಗಿಡವೋ, ರೋಗವೋ? ಬೇರೆ ಬೇರೆ ಗಿಡಗಳಿಂದ ತಂದ ತುಕ್ಕಿನ ಬೀಜಕಣಗಳನ್ನು, ಗುಣ ಗೊತ್ತಿರುವ ಗಿಡಗಳ ಎಲೆಗಳಿಗೆ ಸಮಾನ ಸ್ಥಿತಿಯಲ್ಲಿ ಸೋಂಕಿಸಿ ನೋಡಿದಾಗ ಒಂದು ವ್ಯವಸ್ಥಿತ ವ್ಯತ್ಯಾಸ ಹೊರಬಿದ್ದಿತು. ಒಂದು ಬಗೆಯ ತುಕ್ಕು ಕೂರ್ಗ್ ತಳಿಗೆ ತಗಲಿ ಕೆಂಟ್ಸ್‌ಗೆ ತಗಲಲಿಲ್ಲ. ಮತ್ತೊಂದು ಬಗೆ ಎರಡಕ್ಕೂ ತಗಲಿತು. ಅಂದರೆ ಕಣ್ಣಿಗೆ ಒಂದೇ ಆಗಿ ಕಾಣುವ ಶಿಲೀಂಧ್ರದಲ್ಲಿ ಬೇರೆ ಬೇರೆ ಉಪಜಾತಿಗಳಿವೆ. ಕೆಂಟ್ಸ್ ತಳಿ ದುರ್ಬಲವಾಗಿರಲಿಲ್ಲ. ಅದನ್ನು ಜಯಿಸಬಲ್ಲ ಉಪಜಾತಿಯೊಂದು ಹೆಚ್ಚಾಗಿತ್ತು. 1932ರಲ್ಲಿ ಪ್ರಕಟವಾದ ಈ ಶೋಧನೆ ಕಾಫಿ ತುಕ್ಕಿನ ಜಾಗತಿಕ ಅಧ್ಯಯನಕ್ಕೆ ಬುನಾದಿಯಾಯಿತು. 1955ರಲ್ಲಿ ಪೋರ್ಚುಗಲ್‌ನ ಓಯಿರಸ್‌ನಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಇದೇ ದಾರಿಯಲ್ಲಿ ಮುಂದುವರಿದು ಹತ್ತಾರು ಉಪಜಾತಿಗಳನ್ನು ಗುರುತಿಸಿದೆ.

ಈ ಪ್ರಯೋಗದ ತಿರುಳು ಅದರ ಸರಳತೆಯಲ್ಲಿದೆ. ಗಿಡವನ್ನು ಸ್ಥಿರವಾಗಿಟ್ಟು ತುಕ್ಕನ್ನು ಬದಲಿಸಬೇಕು. ತುಕ್ಕನ್ನು ಸ್ಥಿರವಾಗಿಟ್ಟು ಗಿಡವನ್ನು ಬದಲಿಸಬೇಕು. ಒಂದು ಸಲಕ್ಕೆ ಒಂದೇ ಅಂಶ ಬದಲಾದರೆ ಫಲದ ವ್ಯತ್ಯಾಸಕ್ಕೆ ಕಾರಣ ಯಾವುದೆಂದು ತಿಳಿಯುತ್ತದೆ. ತೋಟದಲ್ಲಿ ನೆರಳು, ಮಣ್ಣು, ಇಳಿಜಾರು, ಗೊಬ್ಬರ, ಮಳೆ ಎಲ್ಲವೂ ಒಟ್ಟಿಗೆ ಬದಲಾಗುವುದರಿಂದ ಬರಿಯ ನೋಟಕ್ಕೆ ಕಾರಣ ಸಿಕ್ಕುವುದಿಲ್ಲ.

ಈ ತಿಳಿವಳಿಕೆಯ ಪ್ರಾಯೋಗಿಕ ಫಲ ‘ಎಸ್. 795’ ತಳಿ. ಅರೇಬಿಕಾ ಮತ್ತು ಲೈಬೀರಿಕಾ ಕಾಫಿಗಳ ಸಹಜ ಮಿಶ್ರಣದಿಂದ ಬಂದ ಗಿಡದ ಸಂತತಿಯಾದ ‘ಎಸ್. 288’ ಅನ್ನು ಕೆಂಟ್ಸ್ ಜೊತೆ ಸಂಕರಿಸಿ ಪಡೆದ ಈ ತಳಿ 1940ರ ದಶಕದಲ್ಲಿ ಬೆಳೆಗಾರರಿಗೆ ದೊರೆಯಿತು. ಅರೇಬಿಕಾ ತೋಟಗಳಲ್ಲಿ ಅದು ಇಂದಿಗೂ ಉಳಿದಿದೆ. ಅದರ ನಿರೋಧಶಕ್ತಿಯೂ ಕಾಲಕ್ರಮದಲ್ಲಿ ಕುಗ್ಗಿತು. ಬಹು ಭರವಸೆಯಿಂದ ನೆಟ್ಟ ‘ಕಾವೇರಿ’ ತಳಿಯೂ ತುಕ್ಕಿಗೆ ಒಳಗಾಯಿತು. ಆದರೆ ಕೆಂಟ್ಸ್ ಸೋತಾಗ ಗೊಂದಲವಿತ್ತು. ಅನಂತರದ ಸೋಲುಗಳಿಗೆ ವಿವರಣೆಯಿತ್ತು. ವಿಧಾನ ಸೋಲನ್ನು ತಪ್ಪಿಸುವುದಿಲ್ಲ; ಸೋಲಿನಿಂದ ಕಲಿಯುವುದನ್ನು ಸಾಧ್ಯವಾಗಿಸುತ್ತದೆ.

ಕಾಣದ ಹುಲಿಯ ಲೆಕ್ಕ

ಎಣಿಸಬೇಕಾದ ವಸ್ತುವೇ ಕಣ್ಣಿಗೆ ಬೀಳದಿದ್ದರೆ ಏನು ಮಾಡಬೇಕು? ಚಿಕ್ಕಮಗಳೂರಿನ ಮುತ್ತೋಡಿಯನ್ನು ಒಳಗೊಂಡ ಭದ್ರಾ ಅರಣ್ಯವನ್ನು 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿಸಲಾಯಿತು. ಆ ಕಾಲಕ್ಕೆ ದೇಶದಲ್ಲಿ ಹುಲಿಗಳನ್ನು ಹೆಜ್ಜೆಗುರುತುಗಳಿಂದ ಎಣಿಸುವ ಪದ್ಧತಿ ರೂಢಿಯಲ್ಲಿತ್ತು. ಅದರ ಆಧಾರ ಎರಡು ಊಹೆಗಳು: ಪ್ರತಿ ಹುಲಿಯ ಹೆಜ್ಜೆಯನ್ನು ಬೇರೆಯಾಗಿ ಗುರುತಿಸಬಹುದು, ಕಾಡಿನ ಎಲ್ಲ ಹುಲಿಗಳ ಹೆಜ್ಜೆಗಳೂ ಸಿಕ್ಕುತ್ತವೆ. ಆದರೆ ಮಣ್ಣು ಬದಲಾದರೆ ಹೆಜ್ಜೆಯ ಆಕಾರ ಬದಲಾಗುತ್ತದೆ. ಎಲೆ ಮುಚ್ಚಿದ ನೆಲದಲ್ಲಿ ಹೆಜ್ಜೆಯೇ ಮೂಡುವುದಿಲ್ಲ.

ಡಾ. ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ದಾರಿಯನ್ನು ತೋರಿತು. ಪ್ರತಿ ಹುಲಿಯ ಪಟ್ಟೆಗಳ ವಿನ್ಯಾಸ ಮನುಷ್ಯನ ಬೆರಳಚ್ಚಿನಂತೆ ವಿಶಿಷ್ಟವಾದುದು. ಜಾಡುಗಳ ಇಕ್ಕೆಲಗಳಲ್ಲಿ ಇಟ್ಟ ಕ್ಯಾಮೆರಾಗಳಿಂದ ದೊರೆತ ಚಿತ್ರಗಳನ್ನು ಪಟ್ಟೆಗಳ ಆಧಾರದಿಂದ ಬೇರ್ಪಡಿಸಬಹುದು. ಕಾಣದೆ ಉಳಿದವುಗಳ ಲೆಕ್ಕ ಹೇಗೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಮೊದಲ ಸುತ್ತಿನಲ್ಲಿ 12 ಹುಲಿಗಳು ಸಿಕ್ಕವು ಎನ್ನೋಣ. ಎರಡನೆಯ ಸುತ್ತಿನಲ್ಲಿ ಸಿಕ್ಕ 10ರಲ್ಲಿ 6 ಮೊದಲೇ ಕಂಡಿದ್ದವು. ಹತ್ತಕ್ಕೆ ಆರು ಎಂಬ ಪ್ರಮಾಣ ಇಡೀ ಕಾಡಿಗೂ ಅನ್ವಯಿಸುವುದಾದರೆ, ಮೊದಲು ಕಂಡ 12 ಹುಲಿಗಳು ಒಟ್ಟು ಸಂಖ್ಯೆಯ ಹತ್ತರಲ್ಲಿ ಆರು ಭಾಗ. ಒಟ್ಟು ಸಂಖ್ಯೆ ಸುಮಾರು 20. ವಾಸ್ತವದ ಗಣಿತ ಇದಕ್ಕಿಂತ ಸಂಕೀರ್ಣವಾದರೂ ತತ್ತ್ವ ಇದೇ. ಈ ಲೆಕ್ಕ ತನ್ನ ಉತ್ತರದೊಡನೆ ತಪ್ಪಿನ ಅಂದಾಜನ್ನೂ ಹೇಳುತ್ತದೆ. ಕಾರಂತರ ತಂಡದ ಅಧ್ಯಯನಗಳು ಮುಂದೆ ಭದ್ರಾಕ್ಕೂ ವಿಸ್ತರಿಸಿದವು. ಅಲ್ಲಿ ನೇರ ಗೆರೆಗಳ ಮೇಲೆ ನಡೆದು ಜಿಂಕೆ, ಕಡವೆ, ಕಾಟಿಗಳನ್ನು ಎಣಿಸುವ ಕ್ರಮವೂ ಸೇರಿಕೊಂಡಿತು.

ಇದು ಕೇವಲ ವಿದ್ವಾಂಸರ ಚರ್ಚೆಯಾಗಿರಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಗಣತಿಯ ಕಾಗದದಲ್ಲಿದ್ದ ಹುಲಿಗಳು ಕಾಡಿನಲ್ಲಿ ಇಲ್ಲವೆಂಬುದು 2005ರಲ್ಲಿ ಬಯಲಾಯಿತು. ಅನಂತರ ರಾಷ್ಟ್ರಮಟ್ಟದ ಗಣತಿಯಲ್ಲಿ ಹೆಜ್ಜೆಗುರುತಿನ ಎಣಿಕೆ ಕೈಬಿಟ್ಟು ಕ್ಯಾಮೆರಾ ಆಧಾರದ ಅಂದಾಜಿಗೆ ಸ್ಥಾನ ದೊರೆಯಿತು. ದೋಷವುಳ್ಳ ವಿಧಾನದ ಅಪಾಯ ಅದು ತಪ್ಪು ಹೇಳುವುದಷ್ಟರಲ್ಲೇ ಇಲ್ಲ. ತಪ್ಪಾಗಿರುವುದು ತಿಳಿಯದಂತೆ ಮಾಡುವುದರಲ್ಲಿದೆ.

ವಿಧಾನದ ಮಿತಿ

ವಿಧಾನ ಎಲ್ಲ ಪ್ರಶ್ನೆಗಳಿಗೂ ಉತ್ತರವಲ್ಲ. ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಅವರು 1913ರಲ್ಲಿ ಕುದುರೆಮುಖದ ಕಬ್ಬಿಣದ ಅದಿರನ್ನು ಗುರುತಿಸಿದರು. 1976ರಲ್ಲಿ ಗಣಿಗಾರಿಕೆಗಾಗಿ ಸಂಸ್ಥೆ ಸ್ಥಾಪನೆಯಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಬೆಟ್ಟದಲ್ಲಿ ಅದಿರು ಎಷ್ಟಿದೆ, ಹೊಳೆಗೆ ಹೂಳು ಎಷ್ಟು ಸೇರುತ್ತದೆ ಎಂಬುದನ್ನು ಅಳತೆ ಹೇಳಬಲ್ಲದು. ಅದಿರು ದೊಡ್ಡದೋ, ಭದ್ರೆ ತುಂಗೆಯರ ಮೂಲದ ಶೋಲಾ ಕಾಡು ದೊಡ್ಡದೋ ಎಂಬುದು ಸಮಾಜ ತೀರ್ಮಾನಿಸಬೇಕಾದ ಮಾತು. ಆ ತೀರ್ಮಾನ ಅಳತೆಯ ಮೇಲೆ ನಿಂತರೆ ಗಟ್ಟಿಯಾಗುತ್ತದೆ ಎಂಬಷ್ಟನ್ನು ಮಾತ್ರ ಶಾಸ್ತ್ರ ಹೇಳಬಹುದು.

ಮತ್ತೊಂದು ಮಿತಿಯನ್ನು ಸಾಹಿತ್ಯ ತೋರಿಸಿದೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯನ್ನು ಅರಸುವ ವಿಜ್ಞಾನಿಗೆ ಹಳ್ಳಿಯ ಮಂದಣ್ಣನ ಕಣ್ಣು ಬೇಕಾಗುತ್ತದೆ. ಊರು ಅವನನ್ನು ದಡ್ಡನೆಂದು ಕಂಡರೆ ವಿಜ್ಞಾನಿ ಅವನಲ್ಲಿ ಸಹಜ ವೀಕ್ಷಕನನ್ನು ಕಾಣುತ್ತಾನೆ. ವಿಧಾನ ಕಂಡದ್ದನ್ನು ಪರೀಕ್ಷಿಸುತ್ತದೆ. ಮೊದಲು ಕಾಣುವ ಕಣ್ಣು ಎಲ್ಲಿಂದಲಾದರೂ ಬರಬಹುದು.

ಉಪಸಂಹಾರ: ತೋಟದ ಮಳೆಲೆಕ್ಕ

ಆ ಕಣ್ಣು ಕಾಫಿ ಸೀಮೆಯಲ್ಲಿ ಇಂದಿಗೂ ಇದೆ. ಇಲ್ಲಿನ ತೋಟಗಳಲ್ಲಿ ಮಳೆಮಾಪಕವಿಟ್ಟು ಪ್ರತಿದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿ ಬಹಳ ಹಳೆಯದು. ಬೇಸಗೆಯ ಹೂಮಳೆ ಬಿದ್ದು ಸುಮಾರು 8-10 ದಿನಗಳಲ್ಲಿ ಅರೇಬಿಕಾ ಅರಳುವುದರಿಂದ, ಆ ಮಳೆ ಯಾವ ದಿನ ಎಷ್ಟು ಬಿದ್ದಿತೆಂಬುದು ವರ್ಷದ ಫಸಲಿನ ಪ್ರಶ್ನೆ. ಹೀಗಾಗಿ ಸರ್ಕಾರಿ ಮಾಪನ ಕೇಂದ್ರಗಳಿಲ್ಲದ ಕಣಿವೆಗಳಲ್ಲಿಯೂ ದಶಕಗಳ ಮಳೆಲೆಕ್ಕ ತೋಟದ ರೈಟರು ಬರೆದ ಪುಸ್ತಕಗಳಲ್ಲಿದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ, ಕಳಸ ಭಾಗಗಳಲ್ಲಿ ಗುಡ್ಡಗಳು ಕುಸಿದು ತೋಟ, ಮನೆಗಳು ನಷ್ಟವಾದಾಗ, ಇಂತಹ ಮಳೆ ಹಿಂದೆ ಎಂದಾದರೂ ಬಿದ್ದಿತ್ತೇ, ಬಿದ್ದಿದ್ದರೆ ಗುಡ್ಡ ಆಗ ಏಕೆ ನಿಂತಿತ್ತು ಎಂಬ ಪ್ರಶ್ನೆಗಳು ಎದ್ದವು. ಊರೂರಿನ ಮಟ್ಟದಲ್ಲಿ ಅವಕ್ಕೆ ಉತ್ತರ ದೊರೆಯಬಹುದಾದ ದಾಖಲೆಗಳಲ್ಲಿ ಈ ಪುಸ್ತಕಗಳು ಮುಖ್ಯವಾದವು.

ಆದರೆ ಅವು ಇಂದು ರೈಸ್ ಅವರಿಗಿಂತ ಮೊದಲಿನ ಶಾಸನಗಳ ಸ್ಥಿತಿಯಲ್ಲಿವೆ. ತೋಟ ಪಾಲಾದಾಗ, ಮಾರಾಟವಾದಾಗ ಪುಸ್ತಕ ಗೆದ್ದಲಿಗೋ ರದ್ದಿಗೋ ಸೇರುತ್ತದೆ. ಉಳಿದವುಗಳಲ್ಲಿಯೂ ಮಾಪಕ ಎಲ್ಲಿತ್ತು, ಅದರ ಬಳಿ ಮರ ಬೆಳೆದಿತ್ತೇ, ದಿನದ ಯಾವ ಹೊತ್ತಿಗೆ ಅಳೆಯುತ್ತಿದ್ದರು, ಅಳೆಯದ ದಿನವನ್ನು ಖಾಲಿ ಬಿಟ್ಟರೋ ಸೊನ್ನೆ ಬರೆದರೋ ಎಂಬ ವಿವರಗಳಿಲ್ಲದಿದ್ದರೆ ಒಂದು ತೋಟದ ಲೆಕ್ಕವನ್ನು ಮತ್ತೊಂದರೊಡನೆ ಹೋಲಿಸುವುದು ಕಷ್ಟ. ಈ ವಿವರಗಳನ್ನು ಬಲ್ಲ ಹಿರಿಯರು ಇರುವಾಗಲೇ ಪುಸ್ತಕಗಳನ್ನು ಕಲೆಹಾಕಿ, ಪ್ರತಿಯೊಂದಕ್ಕೂ ಸ್ಥಳ ಮತ್ತು ಸಂಖ್ಯೆ ಕೊಟ್ಟು, ಬರೆದದ್ದನ್ನು ತಿದ್ದದೆ ಇದ್ದಂತೆಯೇ ಪ್ರತಿ ಮಾಡಿ, ಎಲ್ಲರಿಗೂ ದೊರೆಯುವಂತೆ ಮಾಡಬೇಕಾಗಿದೆ. ಇದಕ್ಕೆ ದುಬಾರಿ ಉಪಕರಣ ಬೇಡ. ಶಾಸನಗಳ ವಿಷಯದಲ್ಲಿ 1901ರ ಹೊತ್ತಿಗೆ ಈ ಜಿಲ್ಲೆ ಕಂಡ ಶಿಸ್ತು ಸಾಕು. ಕಲ್ಲು ಎಂಟು ನೂರು ವರ್ಷ ಕಾಯಬಲ್ಲದು. ಮಲೆನಾಡಿನ ತೇವದಲ್ಲಿರುವ ಕಾಗದ ಅಷ್ಟು ಕಾಲ ಕಾಯುವುದಿಲ್ಲ.